ಕಪಾಟಿಗೆ ಬಣ್ಣ

ಮನೆಗೆ ಬಂದವರನ್ನು ನಾವು ಚಾವಡಿಯಲ್ಲಿ ಕುಳ್ಳಿರಿಸುತ್ತೇವೆ. ಚಾವಡಿಯ ಗೋಡೆ ವರ್ಷಕ್ಕೊಮ್ಮೆಯಾದರೂ ಸುಣ್ಣವನ್ನು ಕಾಣುತ್ತದೆ. ಅಲ್ಲಿಯ ಕುರ್ಚಿಯ ಕಾಲು ಅಲುಗಿದರೆ ಆಚಾರಿಗೆ ಕೂಡಲೇ ಕರೆ ಹೋಗುತ್ತದೆ. ಆದರೆ ದಿನಕ್ಕೆ ಮೂರು ಹೊತ್ತು ನಮ್ಮ ಯೋಗಕ್ಷೇಮವನ್ನು ವಹಿಸಿಕೊಂಡಿರುವ ಅಡುಗೆಮನೆಯ ಕಡೆಗೆ ಯಾರೂ ಕಣ್ಣೆತ್ತಿ ನೋಡುವುದಿಲ್ಲ. ಮಸಿಯೂ ಜಿಡ್ಡೂ ಅದರ ಹುಟ್ಟುಗುಣವೆಂದು ನಾವು ಒಪ್ಪಿಕೊಂಡುಬಿಟ್ಟಿದ್ದೇವೆ. ನಮ್ಮ ಮನೆಯ ಹಳೆಯ ಕಪಾಟಿನ ವಿಷಯದಲ್ಲಿಯೂ ಹೀಗೆಯೇ ಆಗಿತ್ತು.

ನಮ್ಮ ಮನೆ ಇರುವುದು ಕಾಸರಗೋಡು ಸೀಮೆಯ ಒಂದು ಹಳ್ಳಿಯಲ್ಲಿ. ಅಡುಗೆಮನೆಯ ಪಡುಗೋಡೆಯೊಳಗೆ ಅಜ್ಜನವರು ಕೂಡಿಸಿದ ಹಲಸಿನ ಮರದ ಕಪಾಟೊಂದಿದೆ. ಎರಡು ಬಾಗಿಲು, ಐದು ಹಲಗೆ. ಹಲಸಿಗೆ ಗೆದ್ದಲು ಸುಲಭವಾಗಿ ಬಾಯಿ ಹಾಕುವುದಿಲ್ಲ. ಆದುದರಿಂದ ಮೂರು ತಲೆಮಾರು ಕಳೆದರೂ ಅದರ ಮೈಕಟ್ಟು ಕುಂದಿರಲಿಲ್ಲ. ಅಜ್ಜನವರು ಅದರ ಹೊರಮೈಗೆ ಗೇರುಬೀಜದ ಸಿಪ್ಪೆಯ ಎಣ್ಣೆಯನ್ನು ಸವರಿಸಿದ್ದರಂತೆ. 1980ರ ದಶಕದಲ್ಲಿ ತಂದೆಯವರು ಅದರ ಮೇಲೆ ಹಸಿರು ಎಣ್ಣೆಬಣ್ಣವನ್ನು ಬಳಿಸಿದರು. ಒಳಮೈಗೆ ಮಾತ್ರ ಬಣ್ಣವೆಂಬುದು ಯಾವ ಕಾಲದಲ್ಲಿಯೂ ಸೋಕಿರಲಿಲ್ಲ. ಸೌದೆಯ ಒಲೆ ಹೋಗಿ ಗ್ಯಾಸಿನ ಒಲೆ ಬಂದರೂ, ಹಿಂದಿನ ಹೊಗೆ ಬಿಟ್ಟುಹೋದ ಮಸಿಯೂ ಒಗ್ಗರಣೆಯ ಜಿಡ್ಡೂ ಸೇರಿ, ಕಪಾಟಿನ ಒಳಗು ಅಮಾವಾಸ್ಯೆಯ ರಾತ್ರಿಯಂತಿತ್ತು. ಬಾಗಿಲಿನ ಒಳಬದಿಯ ಆ ಕರಿಮೈಯ ಮೇಲೆ ನಮ್ಮ ತಾಯಿಯವರು ಸೀಮೆಸುಣ್ಣದಿಂದ ಗೀಟೆಳೆದು ಹಾಲಿನ ಲೆಕ್ಕವನ್ನಿಡುತ್ತಿದ್ದರು. ಒಂದು ಗೀಟೆಂದರೆ ಅರ್ಧ ಲೀಟರು. ತಿಂಗಳ ಕೊನೆಗೆ ಎಣಿಸಿ, ಒರೆಸಿ, ಮತ್ತೆ ಮೊದಲಿನಿಂದ ಆರಂಭ.

2023ರ ಓಣಂ ರಜೆಯಲ್ಲಿ ನೆಂಟರು ಬರುವವರಿದ್ದರು. ಕಪಾಟಿನ ಮಾಸಿದ ಹಸಿರು ನಮ್ಮ ಕಣ್ಣಿಗೆ ಚುಚ್ಚಿತು. ಪೇಟೆಯಿಂದ ಅರ್ಧ ಲೀಟರು ಎನಾಮಲ್ ಬಣ್ಣವನ್ನೂ ಒಂದು ಕುಂಚವನ್ನೂ ಒಂದಿಷ್ಟು ಟರ್ಪೆಂಟೈನನ್ನೂ ತಂದು, ಒಂದೇ ಮಧ್ಯಾಹ್ನದಲ್ಲಿ ಹೊರಮೈಗೆಲ್ಲ ಬಳಿದುಬಿಟ್ಟೆವು. ಹೊರಗೆ ಮಳೆ ಜಿನುಗುತ್ತಿತ್ತು. ಖರ್ಚು ಒಟ್ಟು 450 ರೂಪಾಯಿ. ಕಪಾಟು ಥಳಥಳಿಸಿತು. ತಾಯಿಯವರು ಬಾಗಿಲ ಬಳಿ ನಿಂತು ನೋಡಿ, “ಹೊರಗೆ ಮಾತ್ರ ಸಾಕೇ, ಮಗಾ?” ಎಂದು ಕೇಳಿದರು. “ಒಳಗೆ ನೋಡುವವರು ಯಾರಮ್ಮ?” ಎಂದೆವು. ಮೇಲಧಿಕಾರಿಗಳು ಬರುವ ದಿನ ಕಪ್ಪುಹಲಗೆಗೆ ಮಾತ್ರ ಮಸಿ ಬಳಿಯುವ ಶಾಲೆಯಂತೆ ನಡೆದುಕೊಂಡೆವೆಂದು ಆಗ ನಮಗೆ ತೋರಲಿಲ್ಲ.

ಕ್ರಿಸ್ಮಸ್ ರಜೆ ಬರುವಷ್ಟರಲ್ಲಿ ಬಣ್ಣವು ಹಾವಿನ ಪೊರೆಯಂತೆ ಏಳತೊಡಗಿತು. ತಪ್ಪು ಬಣ್ಣದ್ದಲ್ಲ, ನಮ್ಮದೇ. ಎನಾಮಲ್ ಬಣ್ಣವು ಬಟ್ಟೆಯಂತೆ ಬರಿಯ ನೀರಾರಿ ಒಣಗುವಂಥದಲ್ಲ. ಅದರಲ್ಲಿಯ ದ್ರಾವಕ ಆರಿದ ಮೇಲೆ, ಅದು ಗಾಳಿಯ ಆಮ್ಲಜನಕದೊಡನೆ ಕೂಡಿ ನಿಧಾನವಾಗಿ ಗಟ್ಟಿಯಾಗುತ್ತದೆ. ಮಳೆಗಾಲದ ತೇವದಲ್ಲಿ ಈ ಕಾರ್ಯ ಮಂದವಾಗುತ್ತದೆ. ಮೇಲಾಗಿ ನಾವು ಬಳಿದದ್ದು ಮರದ ಮೇಲಲ್ಲ, ಜಿಡ್ಡಿನ ಮೇಲೆ. ಜಿಡ್ಡಿಗೆ ಅಂಟಿದ ಬಣ್ಣವು ಮರಕ್ಕೆ ಅಂಟೀತೆ? ಅಕ್ಷರ ಕೂಡಿಸಲು ಬಾರದ ಮಗುವಿನಿಂದ ಪ್ರಬಂಧ ಬರೆಯಿಸಹೊರಟಂತಾಗಿತ್ತು ನಮ್ಮ ಸಾಹಸ.

ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಆದರೆ ಒಂದು ದಿನ ನಮ್ಮ ನಾಲ್ಕು ವರ್ಷದ ಮಗು ನೆಲಕ್ಕೆ ಉದುರಿದ ಬಣ್ಣದ ಚಕ್ಕೆಗಳನ್ನು ನಾಣ್ಯಗಳೆಂದು ಆಯ್ದು ಅಂಗಡಿಯಾಟ ಆಡುತ್ತಿತ್ತು. ಕೈಗೆತ್ತಿಕೊಂಡು ನೋಡಿದರೆ, ಮೇಲಿನ ಹೊಸ ಬಣ್ಣದೊಡನೆ ತಂದೆಯವರ ಕಾಲದ ಹಸಿರೂ ಎದ್ದು ಬಂದಿದೆ! ಹಿಂದಿನ ಎಣ್ಣೆಬಣ್ಣಗಳಲ್ಲಿ ಸೀಸದ ಸಂಯುಕ್ತಗಳನ್ನು ಧಾರಾಳವಾಗಿ ಬೆರೆಸುತ್ತಿದ್ದರು. ಹಳದಿಗೂ, ಹಳದಿಗೆ ನೀಲಿ ಕೂಡಿಸಿ ಮಾಡಿದ ಹಸಿರಿಗೂ ಸೀಸದ ಕ್ರೋಮೇಟು ಬಳಕೆಯಲ್ಲಿತ್ತು. ಸೀಸವು ಎಳೆಯ ಮಕ್ಕಳ ಮಿದುಳಿನ ಬೆಳವಣಿಗೆಗೆ ಹಗೆ. ಇಷ್ಟರವರೆಗೆ ಹೊಕ್ಕರೆ ಬಾಧಕವಿಲ್ಲವೆಂಬ ಪ್ರಮಾಣವೇ ಅದಕ್ಕಿಲ್ಲ. ಮನೆಬಳಕೆಯ ಬಣ್ಣದಲ್ಲಿ ಸೀಸವು ಹತ್ತು ಲಕ್ಷಕ್ಕೆ 90 ಭಾಗವನ್ನು ಮೀರಬಾರದೆಂದು 2016ರಲ್ಲಿ ನಿಯಮವಾಗಿ, 2017ರ ನವೆಂಬರ್ 1ರಿಂದ ಅದು ಜಾರಿಗೆ ಬಂದಿತು. ನಮ್ಮ ಗಡಿನಾಡಿನವರು 1956ರ ನವೆಂಬರ್ 1ನ್ನು ಮರೆತವರಲ್ಲ. ಮಕ್ಕಳಿರುವ ಮನೆಯವರು ಈ ಇನ್ನೊಂದು ನವೆಂಬರ್ 1ನ್ನೂ ನೆನಪಿಡಬೇಕು. ಅದಕ್ಕೆ ಹಿಂದಿನ ಬಣ್ಣವೆಲ್ಲ ಸಂಶಯಕ್ಕೆ ಪಾತ್ರವೇ. ಮಗುವಿನ ಕೈಯನ್ನು ಸಾಬೂನಿನಿಂದ ತೊಳೆದು, ಚಕ್ಕೆಗಳನ್ನು ಒದ್ದೆಬಟ್ಟೆಯಿಂದ ಒರೆಸಿ ತೆಗೆದೆವು. ಒಂದೂ ಬಾಯಿಗೆ ಹೋಗಿರಲಿಲ್ಲವೆಂಬುದೇ ನಮ್ಮ ಪುಣ್ಯ.

ಎರಡನೆಯ ಪಾಠವನ್ನು ಕಪಾಟಿನ ಒಳಮೈ ಕಲಿಸಿತು. 2024ರ ಜನವರಿಯಲ್ಲಿ ಒಂದು ದಿನ ಒಲೆಯ ಮೇಲಿದ್ದ ಸೌತೆಕಾಯಿಯ ಹುಳಿ ಇದ್ದಕ್ಕಿದ್ದಂತೆ ನೊರೆಯೆದ್ದು ಉಕ್ಕಿತು. ತಾಯಿಯವರು ಉಪ್ಪೆಂದು ಹಾಕಿದ್ದು ಅಡುಗೆಸೋಡಾ. ಹುಣಿಸೆಯ ಹುಳಿಯೂ ಸೋಡಾವೂ ಕೂಡಿದರೆ ಏನಾಗುವುದೆಂಬುದು ನಮ್ಮ ಹುಡುಗರಿಗೂ ಗೊತ್ತು. ಮನೆಮಂದಿಯೆಲ್ಲ ನಕ್ಕೆವು. ತಾಯಿಯವರೂ ನಕ್ಕರು. ಆದರೆ ಮರುದಿನ ಅವರು ಅಡುಗೆಮನೆಗೆ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. “ಇನ್ನು ನೀವೇ ಮಾಡಿಕೊಳ್ಳಿ. ನನ್ನ ಕೈಯಿಂದ ಯಾರ ಹೊಟ್ಟೆಗೂ ಏನೂ ಆಗುವುದು ಬೇಡ” ಎಂದು ಜಗಲಿಯ ಮೂಲೆಯಲ್ಲಿ ಕುಳಿತುಬಿಟ್ಟರು. ಎಪ್ಪತ್ತು ವರ್ಷದ ಕಣ್ಣು ಮಂಜಾಗಿತ್ತು, ನಿಜ. ಆದರೆ ನಾವೇ ಕಪಾಟಿನೊಳಗೆ ಕೈಯಿಟ್ಟು ಹುಡುಕಿದಾಗ ನಮ್ಮ ಎಳೆಗಣ್ಣಿಗೂ ಉಪ್ಪಿನ ಭರಣಿ ಯಾವುದು, ಸೋಡಾದ ಭರಣಿ ಯಾವುದು ಎಂದು ತಿಳಿಯಲಿಲ್ಲ. ಬಾಗಿಲಿನ ಮೇಲೆ ಹಾಲಿನ ಗೀಟುಗಳು ಜನವರಿಯ ನಡುವಿಗೇ ನಿಂತುಹೋಗಿದ್ದವು. “ಹೊರಗೆ ಮಾತ್ರ ಸಾಕೇ?” ಎಂಬ ಪ್ರಶ್ನೆಯ ಅರ್ಥ ನಮಗೆ ಆಗ ಹೊಳೆಯಿತು.

ಹೊಸ ಕಪಾಟು ಮಾಡಿಸಲು ವಿಚಾರಿಸಿದರೆ ಅರುವತ್ತು ಸಾವಿರ ರೂಪಾಯಿ ಎಂದರು. ನಮ್ಮ ಕೈಗೆ ಅದು ಎಟಕುವಂಥದಲ್ಲ. ಪರಿಚಯದ ಆಚಾರಿಯೊಬ್ಬರು ಬಂದು ಹಲಗೆಗಳನ್ನು ಬೆರಳಗೆಣ್ಣಿನಿಂದ ತಟ್ಟಿ, “ಮಾಷ್ಟ್ರೇ, ಮರ ಕಲ್ಲಿನ ಹಾಗೆ ಉಂಟು. ಕೆಟ್ಟದ್ದು ಮರವಲ್ಲ, ಮೈ. ಮೈಯನ್ನು ತೊಳೆಯಿರಿ, ಬಣ್ಣ ಆಮೇಲೆ” ಎಂದರು. ಈ ಒಂದು ಮಾತಿನಲ್ಲಿ ಇಡೀ ಶಾಸ್ತ್ರವೇ ಅಡಗಿತ್ತು.

ಏಪ್ರಿಲಿನ ಬೇಸಗೆ ರಜೆಯವರೆಗೆ ಕಾದೆವು. ಗಾಳಿ ಒಣಗಿತ್ತು. ಮಗುವನ್ನು ಸೋದರಮಾವನ ಮನೆಗೆ ಕಳುಹಿಸಿದೆವು. ಭರಣಿ ಡಬ್ಬಿಗಳನ್ನೆಲ್ಲ ಬೇರೆ ಕೋಣೆಗೆ ಸಾಗಿಸಿ, ಬಾಗಿಲುಗಳನ್ನು ಕಳಚಿ, ತಿರುಪುಮೊಳೆಗಳನ್ನು ಒಂದು ಗೆರಟೆಯಲ್ಲಿ ಜೋಪಾನವಾಗಿರಿಸಿದೆವು. ಮೊದಲ ಎರಡು ದಿನ ಬರಿಯ ತೊಳೆಯುವ ಕೆಲಸ. ಬಿಸಿನೀರಿನಲ್ಲಿ ಬಟ್ಟೆ ಒಗೆಯುವ ಸೋಡಾವನ್ನು ಕರಗಿಸಿ, ಬಟ್ಟೆ ಅದ್ದಿ ತಿಕ್ಕಿದೆವು. ಈ ಸೋಡಾ ಎಣ್ಣೆಯ ಜಿಡ್ಡನ್ನು ಸಾಬೂನಾಗಿ ಮಾರ್ಪಡಿಸುತ್ತದೆ. ಸಾಬೂನಾದ ಮೇಲೆ ನೀರಿನೊಡನೆ ಬಿಟ್ಟುಬರುತ್ತದೆ. ಕೈಗೆ ರಬ್ಬರಿನ ಚೀಲ ಹಾಕದಿದ್ದರೆ ಚರ್ಮವೂ ಒರಟಾಗುತ್ತದೆ. ಮೊದಲ ಬಕೆಟ್ಟಿನ ನೀರು ಕಾಡಿಗೆಯಂತಿತ್ತು. ಏಳನೆಯದು ಚಹಾದ ಬಣ್ಣಕ್ಕೆ ಇಳಿಯಿತು. ಒಳಮೈಯಲ್ಲಿ ಅಲ್ಲಲ್ಲಿ ಹಲಸಿನ ಹಳದಿ ಇಣುಕಿತು. ಆಮೇಲೆ ಬರಿಯ ನೀರಿನಿಂದ ಎರಡು ಬಾರಿ ಒರೆಸಿ, ಎರಡು ದಿನ ಒಣಗಲು ಬಿಟ್ಟೆವು.

ಬಳಿಕ ಉಪ್ಪುಕಾಗದದ ಸರದಿ. ಹಳೆಯ ಬಣ್ಣವನ್ನು ಒಣಗಿದಂತೆಯೇ ಉಜ್ಜಿದರೆ ಸೀಸದ ಧೂಳೆದ್ದು ಮನೆಯನ್ನೆಲ್ಲ ತುಂಬುತ್ತದೆ. ಬೆಂಕಿ ತೋರಿಸಿ ಕೀಳುವುದಂತೂ ಕೂಡದು. ಆದುದರಿಂದ ನೀರಿಗೆ ಹಾಳಾಗದ ಕಪ್ಪು ಕಾಗದವನ್ನು ತಂದು, ಮೂಗುಬಾಯಿಗೆ ಮುಸುಕು ಕಟ್ಟಿ, ಮೈಯನ್ನು ಒದ್ದೆಮಾಡಿಕೊಂಡೇ ಉಜ್ಜಿದೆವು. ಸಡಿಲವಾದುದನ್ನು ಮಾತ್ರ ತೆಗೆದೆವು. ಭದ್ರವಾಗಿ ಹಿಡಿದುಕೊಂಡಿದ್ದ ಹಸಿರನ್ನು ಕೆದಕದೆ, ಮೇಲಿನ ಹೊಳಪನ್ನಷ್ಟೇ ಇಳಿಸಿದೆವು. ಗಟ್ಟಿಯಾದ ಹಳೆಯ ಬಣ್ಣವನ್ನು ಕಿತ್ತು ಹರಡುವುದಕ್ಕಿಂತ ಹೊಸದರ ಕೆಳಗೆ ಮುಚ್ಚಿಡುವುದೇ ಕ್ಷೇಮ. ನೆಲದ ಮೇಲೆ ಹಾಸಿದ್ದ ಪ್ಲಾಸ್ಟಿಕ್ಕಿನೊಡನೆ ಆ ಕೆಸರನ್ನೂ ಬಟ್ಟೆಗಳನ್ನೂ ಚೀಲದಲ್ಲಿ ಕಟ್ಟಿ, ವಿಷಯ ತಿಳಿಸಿ, ಕಸ ಒಯ್ಯುವವರಿಗೆ ಒಪ್ಪಿಸಿದೆವು. ತೋಟಕ್ಕೂ ಬಾವಿಯ ಬಳಿಗೂ ಚೆಲ್ಲಲಿಲ್ಲ.

ಬಿರುಕುಗಳಿಗೆ ಪುಟ್ಟಿ ತುಂಬಿ, ಅದು ಒಣಗಿದ ಮೇಲೆ ನಯವಾದ ಕಾಗದದಿಂದ ತಿಕ್ಕಿ, ಮರಕ್ಕೆ ಹಚ್ಚುವ ಬಿಳಿಯ ಪ್ರೈಮರನ್ನು ಬಳಿದೆವು. ಪ್ರೈಮರೆಂಬುದು ಮರಕ್ಕೂ ಬಣ್ಣಕ್ಕೂ ನಡುವಿನ ಮಧ್ಯಸ್ಥ. ಇತ್ತ ಮರವನ್ನು ಹಿಡಿಯುತ್ತದೆ, ಅತ್ತ ಬಣ್ಣಕ್ಕೆ ಕೈಕೊಡುತ್ತದೆ. ಕೊನೆಗೆ ಬಣ್ಣ. ಎಣ್ಣೆಯ ಎನಾಮಲ್ ಕತ್ತಲೆಯಲ್ಲಿ ಬರಬರುತ್ತ ಹಳದಿಯಾಗುತ್ತದೆ. ಮುಚ್ಚಿದ ಕಪಾಟಿಗೆ ಅದು ಸಲ್ಲದೆಂದು, ವಾಸನೆ ಕಡಿಮೆಯಿರುವ, ನೀರಿನಲ್ಲಿ ಕಲಸುವ ಎನಾಮಲನ್ನು, ಡಬ್ಬಿಯ ಮೇಲೆ ಸೀಸದ ಪ್ರಮಾಣದ ಉಲ್ಲೇಖವನ್ನು ಓದಿ ನೋಡಿಯೇ ಕೊಂಡೆವು. ಒಳಗೂ ಹೊರಗೂ ಒಂದೇ ತಿಳಿಗೆನೆ ಬಣ್ಣ. ತೆಳ್ಳಗೆ ಒಂದು ಕೈ, ಮರುದಿನ ಇನ್ನೊಂದು ಕೈ. ದಪ್ಪವಾಗಿ ಒಮ್ಮೆ ಬಳಿಯುವುದಕ್ಕಿಂತ ತೆಳ್ಳಗೆ ಎರಡು ಬಾರಿ ಬಳಿಯುವುದು ಮೇಲು. ಆಮೇಲೆ ಎರಡು ವಾರ ಬಾಗಿಲು ತೆರೆದೇ ಇಟ್ಟೆವು.

ಲೆಕ್ಕವನ್ನು ಒಪ್ಪಿಸುವುದು ಧರ್ಮ. ಸೋಡಾ 60, ಉಪ್ಪುಕಾಗದ 200, ಪುಟ್ಟಿ 60, ಪ್ರೈಮರು ಒಂದು ಲೀಟರು 280, ಬಣ್ಣ ಎರಡು ಲೀಟರು 900, ಕುಂಚ ಎರಡು 150, ತಿರುಪುಮೊಳೆ 50, ಮುಸುಕು 40. ಒಟ್ಟು 1,740 ರೂಪಾಯಿ. ಓಣಂ ರಜೆಯಲ್ಲಿ ಕಳೆದುಕೊಂಡ 450 ರೂಪಾಯಿಯನ್ನು ಕಲಿಕೆಯ ಶುಲ್ಕವೆಂದು ಕೂಡಿಸಿದರೆ 2,190. ಹನ್ನೊಂದು ದಿನಗಳ ಕೆಲಸದಲ್ಲಿ ಬಣ್ಣ ಹಿಡಿದದ್ದು ಎರಡೇ ದಿನ. ಉಳಿದ ಒಂಬತ್ತು ದಿನ ತೊಳೆಯಲು, ಉಜ್ಜಲು, ಕಾಯಲು ಹೋಯಿತು. ಮಿತವ್ಯಯವೆಂದರೆ ಅಗ್ಗದ ಬಣ್ಣ ಕೊಳ್ಳುವುದೆಂದು ನಾವು ತಿಳಿದಿದ್ದೆವು. ಹಣದ ಬದಲು ತಾಳ್ಮೆಯನ್ನು ವೆಚ್ಚಮಾಡುವುದೇ ನಿಜವಾದ ಮಿತವ್ಯಯವೆಂದು ಆ ಒಂಬತ್ತು ದಿನಗಳು ತಿಳಿಸಿದವು.

ಭರಣಿಗಳನ್ನು ಮರಳಿ ಇಡುವಾಗ ತಾಯಿಯವರನ್ನು ಕರೆದೆವು. ಅವರು ಕಪಾಟಿನ ಮುಂದೆ ನಿಂತು ಬಹಳ ಹೊತ್ತು ನೋಡಿದರು. “ಆಸ್ಪತ್ರೆಯ ಹಾಗೆ ಕಾಣುತ್ತದಲ್ಲ, ಮಗಾ” ಎಂದರು. ನಮ್ಮ ಉತ್ಸಾಹಕ್ಕೆ ತಣ್ಣೀರೆರಚಿದಂತಾಯಿತು. ಬಳಿಕ ಕೈನೀಡಿ, ಎರಡನೆಯ ಹಲಗೆಯ ಮೇಲಿದ್ದ ಉಪ್ಪಿನ ಭರಣಿಯನ್ನು ತಡವರಿಸದೆ ಎತ್ತಿಕೊಂಡರು. ತಿಳಿಬಣ್ಣದ ಹಿನ್ನೆಲೆಯಲ್ಲಿ ಕಂದು ಭರಣಿ ಸ್ಪಷ್ಟವಾಗಿ ಎದ್ದು ಕಾಣುತ್ತಿತ್ತು. ಅದನ್ನು ಅಲ್ಲಿಯೇ ಇಟ್ಟು, ಸೋಡಾದ ಭರಣಿಯನ್ನು ಎತ್ತಿ ಎಲ್ಲಕ್ಕಿಂತ ಮೇಲಿನ ಹಲಗೆಗೆ ಸೇರಿಸಿದರು. ಮತ್ತೇನೂ ಹೇಳಲಿಲ್ಲ.

ಮರುದಿನ ಬೆಳಗ್ಗೆ ನಮ್ಮ ಮೇಜಿನ ಮೇಲೆ, ಮಕ್ಕಳ ಬರಹ ತಿದ್ದುವ ಕೆಂಪು ಪೆನ್ಸಿಲು ಕಾಣಲಿಲ್ಲ. ಹುಡುಕುತ್ತ ಅಡುಗೆಮನೆಗೆ ಹೋದೆವು. ಒಲೆಯ ಮೇಲೆ ಹಾಲು ಕಾಯುತ್ತಿತ್ತು. ತಾಯಿಯವರು ತೆಂಗಿನಕಾಯಿ ತುರಿಯುತ್ತಿದ್ದರು. ಕಪಾಟಿನ ಬಾಗಿಲಿನ ಒಳಬದಿಯಲ್ಲಿ, ಹನ್ನೊಂದು ದಿನ ದುಡಿದು ಕನ್ನಡಿಯಂತೆ ನಯಮಾಡಿದ ಆ ಹೊಸ ಮೈಯ ಮೇಲೆ, ಎರಡು ಕೆಂಪು ಗೀಟುಗಳಿದ್ದವು. ಸೀಮೆಸುಣ್ಣ ಅಲ್ಲಿ ಕಾಣುವಂತಿರಲಿಲ್ಲವಷ್ಟೆ. ಒರೆಸಲೆಂದು ಕೈಗೆ ಬಂದ ಬಟ್ಟೆಯನ್ನು ನಾವು ಹಾಗೆಯೇ ಮಡಚಿ ಇಟ್ಟೆವು. ಪೇಟೆಗೆ ಹೋದಾಗ ಇನ್ನೊಂದು ಕೆಂಪು ಪೆನ್ಸಿಲನ್ನು ತಂದೆವು.