ಮುಚ್ಚಿದ ಬಾವಿ

ಮನುಷ್ಯನು ಮಾಡತಕ್ಕ ಧರ್ಮಕಾರ್ಯಗಳನ್ನು ನಮ್ಮ ಹಿರಿಯರು ಇಷ್ಟವೆಂದೂ ಪೂರ್ತವೆಂದೂ ಎರಡಾಗಿ ವಿಂಗಡಿಸಿದರು. ಯಜ್ಞಯಾಗಾದಿಗಳು ಇಷ್ಟ, ಕೆರೆಬಾವಿಗಳನ್ನು ತೋಡಿಸುವುದು, ತೋಪು ನೆಡಿಸುವುದು, ಇವು ಪೂರ್ತ. ಪಾಠಶಾಲೆಯಲ್ಲಿ ಇದನ್ನು ಕಲಿತು, ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಹುಡುಗರಿಗೆ ಹೇಳಿಕೊಟ್ಟವನು ನಾನು. ಹಾಗಿದ್ದೂ ನನ್ನ ಒಪ್ಪಿಗೆಯಿಂದಲೇ ಒಂದು ಬಾವಿ ಮುಚ್ಚಿಹೋಯಿತು. ಆ ಸಂಗತಿಯನ್ನು ವಾಚಕರಲ್ಲಿ ನಿವೇದಿಸಿಕೊಳ್ಳಬೇಕೆಂದು ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇನೆ.

ಗುಂಡ್ಲುಪೇಟೆಯು ದಾರಿಗರ ಊರು. ಮೈಸೂರಿನಿಂದ ಬರುವ ರಸ್ತೆಯು ಇಲ್ಲಿ ಕವಲೊಡೆದು ಒಂದು ಊಟಿಗೂ ಮತ್ತೊಂದು ಸುಲ್ತಾನ್ ಬತ್ತೇರಿಗೂ ಹೋಗುತ್ತದೆ. ಕಾಡುಮೃಗಗಳ ರಕ್ಷಣೆಗಾಗಿ ೨೦೦೯ರಲ್ಲಿ ಬಂಡೀಪುರದ ದಾರಿಗಳಲ್ಲಿ ರಾತ್ರಿ ೯ ಗಂಟೆಯಿಂದ ಬೆಳಗ್ಗೆ ೬ ಗಂಟೆಯವರೆಗೆ ವಾಹನಸಂಚಾರವನ್ನು ನಿಷೇಧಿಸಿದ ಮೇಲೆ, ಹೊತ್ತು ಮೀರಿ ಬಂದವರು ಇಲ್ಲಿ ತಂಗಬೇಕಾಯಿತು. ಹೆದ್ದಾರಿಯ ಅಂಚಿನಲ್ಲಿದ್ದ ನಮ್ಮ ಪಿತ್ರಾರ್ಜಿತ ನಿವೇಶನದಲ್ಲಿ ವಸತಿಗೃಹವೊಂದನ್ನು ಕಟ್ಟಬೇಕೆಂದು ನನ್ನ ಮಗನಿಗೆ ಆಸೆಯಾಯಿತು. ನಿವೃತ್ತಿಯಲ್ಲಿ ಬಂದ ಹಣವನ್ನು ನಾನು ಕೊಟ್ಟೆನು.

ಆ ನಿವೇಶನದಲ್ಲಿ ನಮ್ಮ ತಾತಂದಿರು ತೋಡಿಸಿದ, ಕಪಿಲೆ ಹೊಡೆಯುತ್ತಿದ್ದ ಕಾಲದ ಕಲ್ಲುಕಟ್ಟಡದ ಬಾವಿಯಿತ್ತು. ಅದು ಬತ್ತಿ ಬಹುಕಾಲವಾಗಿತ್ತು. “ಅಪ್ಪಾ, ಕಾರುಗಳು ನಿಲ್ಲುವುದಕ್ಕೆ ಜಾಗ ಬೇಡವೆ? ಬತ್ತಿದ ಬಾವಿಯನ್ನಿಟ್ಟುಕೊಂಡು ಏನು ಮಾಡೋಣ?” ಎಂದನು ಮಗ. “ನಿನ್ನಿಷ್ಟ” ಎಂದೆನು. ಪೂರ್ತವನ್ನು ಬಿಟ್ಟು ಇಷ್ಟವನ್ನು ಹಿಡಿದ ಪಂಡಿತನೆಂದು ಈಗ ನನ್ನನ್ನು ನಾನೇ ಹಾಸ್ಯಮಾಡಿಕೊಳ್ಳುತ್ತೇನೆ. ಎರಡು ದಿನ ಲಾರಿಗಳು ಮಣ್ಣು ಸುರಿದುವು. ಬದಲಾಗಿ ಆಳವಾದ ಕೊಳವೆಬಾವಿಯನ್ನು ಕೊರೆಸಿದೆವು.

ಇಪ್ಪತ್ತು ಕೋಣೆಗಳು. ಬಿಸಿನೀರು ಬರುವವರೆಗೆ ತಣ್ಣೀರನ್ನು ಸುಮ್ಮನೆ ಹರಿಯಬಿಡುವ ಅತಿಥಿಗಳು. ದಿನದಿನವೂ ಒಗೆಯುವ ಹಾಸಿಗೆಬಟ್ಟೆಗಳು. ಮೂರನೆಯ ಬೇಸಗೆಯಲ್ಲಿ ಹಿಂದಿನ ಗಲ್ಲಿಯ ಹೆಣ್ಣುಮಗಳೊಬ್ಬಳು ಕೊಡಗಳನ್ನು ಹಿಡಿದು ಬಾಗಿಲಿಗೆ ಬಂದಳು. ನನ್ನಲ್ಲಿಯೇ ಓದಿದವಳು. “ನಮ್ಮ ಬೋರು ನಿಂತುಹೋಯಿತು ಮೇಷ್ಟ್ರೇ. ಬಾವಿ ತೋಡಿಸಿದರೆ ಪುಣ್ಯವೆಂದು ನೀವೇ ಹೇಳಿಕೊಟ್ಟಿದ್ದಿರಿ. ಎರಡು ಕೊಡ ನೀರು ಕೊಡಿಸಿ” ಎಂದಳು. ಅವಳ ಮಾತಿನಲ್ಲಿ ಕೊಂಕಿರಲಿಲ್ಲ. ಅದರಿಂದಲೇ ನನಗೆ ಹೆಚ್ಚು ನಾಚಿಕೆಯಾಯಿತು.

ಅವಳ ಬೋರು ಬತ್ತಿದುದಕ್ಕೆ ನಾವೊಬ್ಬರೇ ಕಾರಣರೆನ್ನಲಾರೆನು. ಸರ್ಕಾರದ ಅಂತರ್ಜಲದ ಪಟ್ಟಿಗಳಲ್ಲಿ ನಮ್ಮ ತಾಲ್ಲೂಕು ಅತಿಬಳಕೆಯ ತಾಲ್ಲೂಕೆಂದು ಎಣಿಸಲ್ಪಟ್ಟುದುಂಟು. ಇಲ್ಲಿಯ ನೆಲದಡಿಯಲ್ಲಿರುವುದು ಗಟ್ಟಿಗಲ್ಲು. ನೀರು ಅದರ ಬಿರುಕುಗಳಲ್ಲಿ ಮಾತ್ರ ನಿಲ್ಲುವುದು. ಒಂದೇ ಬಿರುಕಿಗೆ ಇಬ್ಬರು ಬಾಯಿಟ್ಟರೆ ಆಳಕ್ಕಿಳಿದವನಿಗೆ ಹೆಚ್ಚು ಪಾಲು. ಆ ಪಾಲು ನಮ್ಮದಾಗಿತ್ತು.

ಆ ವಾರ ಪೆನ್ಷನ್ನಿನ ಕೆಲಸಕ್ಕಾಗಿ ಚಾಮರಾಜನಗರಕ್ಕೆ ಹೋದವನು ದೊಡ್ಡರಸನ ಕೊಳದ ಬಳಿ ಸ್ವಲ್ಪ ಹೊತ್ತು ನಿಂತೆನು. ಹಿಂದಿನವರು ಊರು ಕಟ್ಟುವಾಗ ಕೊಳವನ್ನೂ ಕಟ್ಟಿದರು. ನಾವು ಕಟ್ಟಡವೊಂದನ್ನೇ ಕಟ್ಟಿ, ನೀರನ್ನು ಟ್ಯಾಂಕರಿನವನಿಗೆ ಬಿಡುತ್ತೇವೆ. ಮನೆಗೆ ಬಂದು ಮಗನ ಮುಂದೆ ಲೆಕ್ಕವಿಟ್ಟೆನು. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರು ಮಳೆ ಬಿದ್ದರೆ ಒಂದು ಲೀಟರು. ನಮ್ಮ ಚಾವಣಿ ೪೦೦ ಚದರ ಮೀಟರು. ೧೦ ಮಿಲಿಮೀಟರಿನ ಒಂದು ಹದಮಳೆಗೆ ೪,೦೦೦ ಲೀಟರು ಚರಂಡಿಯ ಪಾಲಾಗುತ್ತಿದೆ. ಮಗನು ಖರ್ಚಿನ ಮಾತೆತ್ತಿದನು. ಎರಡು ದಿನ ನಮ್ಮಲ್ಲಿ ಮಾತಿರಲಿಲ್ಲ. ಮೂರನೆಯ ದಿನ ಟ್ಯಾಂಕರಿನ ರಸೀತಿಗಳನ್ನು ತಾನೇ ಕೂಡಿಸಿ ನೋಡಿ, “ಆಳುಗಳನ್ನು ಕರೆಸುತ್ತೇನೆ” ಎಂದನು.

ಎರಡು ದಿನಗಳಲ್ಲಿ ತುಂಬಿದ ಮಣ್ಣನ್ನು ತೆಗೆಯುವುದಕ್ಕೆ ಇಪ್ಪತ್ತಮೂರು ದಿನ ಹಿಡಿಯಿತು. ಚಾವಣಿಯ ನೀರು ಈಗ ಜಲ್ಲಿ ಮರಳುಗಳಲ್ಲಿ ಸೋಸಿ ಬಾವಿಗಿಳಿಯುತ್ತದೆ. ಸ್ನಾನದ ನೀರು ತಿಳಿಯಾಗಿ ಶೌಚಗೃಹಗಳಿಗೂ ಗಿಡಗಳಿಗೂ ಸಲ್ಲುತ್ತದೆ. ಸೋರುವ ನಲ್ಲಿಗಳನ್ನು ನೋಡಿಕೊಳ್ಳುವುದು ನನ್ನ ಪಾಲಿನ ಉದ್ಯೋಗ. ನಿಲ್ಲುವ ಕಾರುಗಳು ಆರು ಕಡಮೆಯಾದುವು.

ಇಷ್ಟರಿಂದ ಕ್ಷಾಮ ನೀಗಿತೆಂದು ಹೇಳಿದರೆ ಸುಳ್ಳಾಗುವುದು. ಕಡುಬೇಸಗೆಯಲ್ಲಿ ಈಗಲೂ ಟ್ಯಾಂಕರು ಬರುತ್ತದೆ. ಆದರೆ ಮೊದಲಿನಷ್ಟು ಸಲ ಅಲ್ಲ. ಹಿಂದಿನ ಗಲ್ಲಿಗೆ ಒಂದು ನಲ್ಲಿ ಹಾಕಿಸಿದ್ದೇವೆ. ಆ ಹೆಣ್ಣುಮಗಳು ಕೊಡ ತುಂಬುವಾಗ ಬಾವಿಯಲ್ಲಿ ಒಮ್ಮೆ ಇಣಿಕಿ, “ಎಷ್ಟು ಮೆಟ್ಟಿಲು ಕಾಣುತ್ತದೆ ಮೇಷ್ಟ್ರೇ?” ಎಂದು ಕೇಳುವಳು. ನಾನು ಎಣಿಸಿ ಹೇಳುತ್ತೇನೆ.

ವಸತಿಗೃಹ, ಕಲ್ಯಾಣಮಂಟಪಗಳನ್ನು ಕಟ್ಟುವ ಮಿತ್ರರಲ್ಲಿ ನನ್ನ ಅರಿಕೆಯಿಷ್ಟೆ: ನಿವೇಶನದಲ್ಲಿ ಹಳೆಯ ಬಾವಿಯಿದ್ದರೆ, ಅದು ಬತ್ತಿದ್ದರೂ ಮುಚ್ಚಿಸಬೇಡಿರಿ. ಮುಚ್ಚಲು ಎರಡು ದಿನ ಸಾಕು.