ಅವ್ವನಿಗೊಂದು ಚಾಕು

ನಮ್ಮ ಹಿಟ್ನಾಳದ ಅಡುಗೆಮನೆಗಳಲ್ಲಿ ಚಾಕುವಿಗೆ ದೊಡ್ಡ ಮರ್ಯಾದೆ ಇರಲಿಲ್ಲ. ನಿಂಬೆಹಣ್ಣು ಕೊಯ್ಯಲು, ಹಾಲಿನ ಪಾಕೀಟು ಕತ್ತರಿಸಲು ಪ್ಲಾಸ್ಟಿಕ್ ಹಿಡಿಯ ಚಾಕುವೊಂದು ಗೂಡಿನಲ್ಲಿ ಬಿದ್ದಿರುತ್ತಿತ್ತು. ನಿಜವಾದ ಕೆಲಸವೆಲ್ಲ ಈಳಿಗಿಯದು. ದಪ್ಪನೆಯ ಹಲಗೆ, ಅದರ ಮೇಲೆ ಬಾಗಿ ನಿಂತ ಅಲಗು. ಒಂದು ಕಾಲು ಮಡಚಿ ಕೂತು ಇನ್ನೊಂದರಿಂದ ಹಲಗೆಯನ್ನು ಒತ್ತಿ ಹಿಡಿದರೆ ಎರಡೂ ಕೈ ಖಾಲಿ. ಚಾಕುವಾದರೆ ಕಾಯಿಪಲ್ಲೆ ಸುಮ್ಮನಿರುತ್ತದೆ, ಅಲಗು ಓಡಾಡುತ್ತದೆ. ಈಳಿಗಿಯಲ್ಲಿ ಅಲಗು ಕದಲುವುದಿಲ್ಲ, ಕಾಯಿಪಲ್ಲೆಯೇ ಅದರ ಬಳಿ ಹೋಗಬೇಕು. ಕರಾವಳಿಯವರು ಇದನ್ನು ಮೆಟ್ಟುಗತ್ತಿ ಎನ್ನುತ್ತಾರೆ, ಕಾಲಿನಿಂದ ಮೆಟ್ಟಿ ಹಿಡಿಯುವ ಕತ್ತಿ. ಕಸುಬುಗಳ ಪದಗಳನ್ನು ಕೂಡಿಸುವ ಸಂಶೋಧನೆಯಲ್ಲಿರುವ ನನಗೆ ಆ ಹೆಸರು ತುಂಬ ಇಷ್ಟ. ಇಡೀ ಮೈ ಹೇಗೆ ಕೂತಿದೆ ಎಂಬುದನ್ನು ಒಂದೇ ಪದ ಹೇಳಿಬಿಡುತ್ತದೆ.

ಆದರೆ ಕೂರಲು ಮೊಣಕಾಲು ಇರಬೇಕಲ್ಲ.

ಅವ್ವ ಶಾಲೆಯೊಂದರಲ್ಲಿ ಬಿಸಿಯೂಟದ ಅಡುಗೆಯವಳು. ಈ ಯೋಜನೆ 2002ರಲ್ಲಿ ಮೊದಲು ಶುರುವಾದದ್ದು ನಮ್ಮ ಕೊಪ್ಪಳವೂ ಸೇರಿದಂತೆ ಏಳು ಜಿಲ್ಲೆಗಳಲ್ಲಿ. ಅದಾದ ಕೆಲವೇ ವರ್ಷಕ್ಕೆ ಅವ್ವ ಸೇರಿಕೊಂಡಳು. ಲೆಕ್ಕ ಮಾಡಿ ನೋಡಿ: ಐದನೇ ತರಗತಿಯವರೆಗಿನ ಮಗುವಿಗೆ ದಿನಕ್ಕೆ 50 ಗ್ರಾಂ ತರಕಾರಿ, ಆರರಿಂದ ಎಂಟರವರಿಗೆ 75 ಗ್ರಾಂ ಎಂದು ನಿಯಮ. ಅವ್ವನ ಶಾಲೆಯಲ್ಲಿ ಸಣ್ಣವರು ಸುಮಾರು 120, ದೊಡ್ಡವರು 80. ಅಲ್ಲಿಗೆ ದಿನಕ್ಕೆ 12 ಕಿಲೋ ಆಯಿತು. ಇಷ್ಟನ್ನೂ ಮೂವರು ಹೆಂಗಸರು ಗಂಟೆಯೊಳಗೆ ಹೆಚ್ಚಿ ಮುಗಿಸಬೇಕು. ಕೂತು ಏಳುವುದು, ಮತ್ತೆ ಕೂರುವುದು.

ಮೊಣಕಾಲು ಬಾತಾಗ ಡಾಕ್ಟರು ನೆಲದ ಮೇಲೆ ಕೂರುವುದನ್ನು ಪೂರ್ತಿ ಬಿಡಬೇಕು ಎಂದರು. ಅವ್ವ ದಾರಿಯುದ್ದಕ್ಕೂ ಮಾತಾಡಲಿಲ್ಲ. ಮನೆಗೆ ಬಂದ ಮೇಲೆ, "ಕುಂದ್ರೂದು ಬಿಟ್ರ ಈಳಿಗಿ ಬಿಡಬೇಕು, ಈಳಿಗಿ ಬಿಟ್ರ ಸಾಲಿ ಬಿಡಬೇಕು" ಎಂದಳು. ಅವ್ವನ ಗೌರವಧನ ಸಣ್ಣದು. ಆದರೆ ಮನೆಯಲ್ಲಿ ಅವ್ವನದೇ ಎನ್ನುವ ದುಡ್ಡು ಅದೊಂದೇ, ನನ್ನ ಪರೀಕ್ಷೆಯ ಫೀಜುಗಳು ಅದರಿಂದಲೇ ಹೋದದ್ದು. ಮರುದಿನ ಬಸ್ಸಿಗೆ ಹೊರಟ ನನಗೆ ಹೇಳಿದಳು: "ನಿಂತು ಹೆಚ್ಚೂವಂಥಾ ಛಲೋ ಚಾಕು ಒಂದು ನೋಡವಾ."

ಛಲೋ ಚಾಕು ಎಂದರೆ ಯಾವುದು? ಹೊಸಪೇಟೆಯ ಪಾತ್ರೆ ಅಂಗಡಿಗಳಲ್ಲಿ ನೋಡಿದೆ, ಮೊಬೈಲಿನಲ್ಲೂ ಹುಡುಕಿದೆ. ಜಾಹೀರಾತುಗಳಲ್ಲಿ 'ವೃತ್ತಿಪರ ಬಾಣಸಿಗರಿಗಾಗಿ' ಎಂಬ ಮಾತಿನ ಪಕ್ಕ ಎತ್ತರದ ಬಿಳಿ ಟೊಪ್ಪಿಗೆಯ ಗಂಡಸು ನಿಂತಿದ್ದ. ದಿನಕ್ಕೆ 12 ಕಿಲೋ ತರಕಾರಿಯ ಲೆಕ್ಕ ಗೊತ್ತಿದ್ದ ನನಗೆ ಅವನನ್ನು ನೋಡಿ ನಗು ಬಂತು.

ಓದುತ್ತ ಹೋದಂತೆ ಗೊತ್ತಾದದ್ದು, ಚಾಕುವಿನ ಕಥೆಯೆಲ್ಲ ಕಬ್ಬಿಣದೊಳಗಿನ ಇಂಗಾಲದ ಹದದ ಕಥೆ ಎಂದು. ನಮ್ಮ ಹಿಟ್ನಾಳದ ಪಕ್ಕದ ಬೇವಿನಹಳ್ಳಿಯಲ್ಲಿ ಬೀಡುಕಬ್ಬಿಣದ ದೊಡ್ಡ ಕಾರ್ಖಾನೆಯಿದೆ. ಬೀಡಿನಲ್ಲಿ ಇಂಗಾಲ ಸುಮಾರು ಶೇ. 4ರಷ್ಟು. ಅದನ್ನು ಎರಕ ಹೊಯ್ಯಬಹುದು, ಬಡಿದರೆ ಒಡೆಯುತ್ತದೆ. ಇಂಗಾಲ ತೀರ ಕಡಿಮೆಯಾದರೆ ಕಬ್ಬಿಣ ಮೆತ್ತಗಾಗಿ ಅಲಗು ನಿಲ್ಲುವುದಿಲ್ಲ. ಇವೆರಡರ ನಡುವಿನದು ಉಕ್ಕು. ಅದಕ್ಕೆ ಕನಿಷ್ಠ ಶೇ. 10.5ರಷ್ಟು ಕ್ರೋಮಿಯಂ ಸೇರಿಸಿದರೆ ಸುಲಭಕ್ಕೆ ತುಕ್ಕು ಹಿಡಿಯದ ಸ್ಟೇನ್‌ಲೆಸ್. 1913ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಹ್ಯಾರಿ ಬ್ರಿಯರ್ಲಿ ಇಂಥ ಉಕ್ಕು ಮಾಡಿದ ಮೇಲೆ ಅದು ಅಡುಗೆಮನೆಗಳಿಗೆ ಬಂತು. ಗಡಸುತನವನ್ನು ರಾಕ್‌ವೆಲ್ ಎಂಬ ಅಳತೆಯಲ್ಲಿ ಹೇಳುತ್ತಾರೆ. ಜರ್ಮನಿಯ ಮಾದರಿಯ ಚಾಕುಗಳು ಸಾಮಾನ್ಯವಾಗಿ 55ರಿಂದ 58, ಜಪಾನಿನವು 60 ಮತ್ತು ಮೇಲೆ. ಗಡಸು ಹೆಚ್ಚಿದಷ್ಟೂ ಹರಿತ ಬಹಳ ದಿನ ನಿಲ್ಲುತ್ತದೆ. ಆದರೆ ಕುಂಬಳಕಾಯಿಯ ಗಟ್ಟಿ ಸಿಪ್ಪೆಗೆ ಹಾಕಿ ತಿರುವಿದರೆ ಅಂಚು ಚಕ್ಕೆಯೇಳುತ್ತದೆ. ಮೆತ್ತಗಿನದು ಬೇಗ ಮೊಂಡಾಗುತ್ತದೆ, ಬೇಗ ಸರಿಯೂ ಹೋಗುತ್ತದೆ.

ದುಬಾರಿ ಚಾಕುಗಳ ಮೇಲೆ ನೀರಿನ ಅಲೆಯಂಥ ಗೆರೆಗಳಿದ್ದವು, ಹೆಸರು 'ಡಮಾಸ್ಕಸ್'. ಇಂದಿನ ಈ ಗೆರೆಗಳು ಹೆಚ್ಚಾಗಿ ಬೇರೆ ಬೇರೆ ಉಕ್ಕಿನ ಪದರಗಳನ್ನು ಬೆಸೆದು ಬರಿಸಿದವು, ಅಗ್ಗದವುಗಳಲ್ಲಿ ಬರೀ ಮೇಲಿನ ಅಚ್ಚು. ಹಳೆಯ ಡಮಾಸ್ಕಸ್ ಕತ್ತಿಗಳ ಗೆರೆ ಬೇರೆ. ಅದು ದಕ್ಷಿಣ ಭಾರತದ ಮೂಸೆಗಳಲ್ಲಿ ಕರಗಿಸಿದಂಥ ಉಕ್ಕಿನೊಳಗೇ ಹುಟ್ಟುತ್ತಿತ್ತು. ಯುರೋಪಿನವರು ಆ ಉಕ್ಕನ್ನು 'ವೂಟ್ಜ್' ಎಂದರು. ಈ ಹೆಸರು ಕನ್ನಡದ 'ಉಕ್ಕು' ಪದದಿಂದ ಬಂದಿರಬೇಕೆಂದು ಅನೇಕ ವಿದ್ವಾಂಸರು ಹೇಳುತ್ತಾರೆ. 1795ರಲ್ಲಿ ಜಾರ್ಜ್ ಪಿಯರ್ಸನ್ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಇದರ ಬಗ್ಗೆ ಪ್ರಬಂಧ ಓದಿದ. ಕಾಲು ಶತಮಾನದ ನಂತರ ಮೈಕೆಲ್ ಫ್ಯಾರಡೆ, ಜೇಮ್ಸ್ ಸ್ಟೋಡಾರ್ಟ್ ಎಂಬ ಚಾಕು-ಚೂರಿ ತಯಾರಕನ ಜೊತೆ ಕೂತು ಇದೇ ಉಕ್ಕಿನ ಗುಟ್ಟು ಹುಡುಕಿದ. ಫ್ಯಾರಡೆಯ ಅಪ್ಪ ಕಮ್ಮಾರ ಎಂಬುದು ನೆನಪಾಗಿ ನನಗೆ ಖುಷಿಯಾಯಿತು.

ಇದನ್ನೆಲ್ಲ ಅವ್ವನಿಗೆ ಫೋನಿನಲ್ಲಿ ಹೇಳಿ, ಒಂದು ಚಾಕುವಿನ ರೇಟನ್ನೂ ಹೇಳಿದೆ. ಅದು ಅವಳ ಒಂದು ತಿಂಗಳ ಗೌರವಧನಕ್ಕಿಂತ ಹೆಚ್ಚು. "ಬಂಗಾರದ ಚೂರಿ ಅಂತ ಹೊಟ್ಟಿಗೆ ಹಾಕ್ಕೊಳ್ಳಾಕ ಆಕ್ಕೈತೇನು?" ಎಂದಳು. "ಕಂಬಾರ ಕಾಕಾನ್ನ ಕೇಳಿ ನೋಡು."

ನಮ್ಮ ಕಡೆ ಕಂಬಾರರಿಗೆ ಸುಗ್ಗಿಯಲ್ಲಿ ಆಯ ಕೊಡುವ ರೂಢಿಯಿತ್ತು. ವರ್ಷಕ್ಕಿಷ್ಟು ಜೋಳ, ಅದಕ್ಕೆ ಪ್ರತಿಯಾಗಿ ವರ್ಷವಿಡೀ ಕುಡಗೋಲು, ಕುರ್ಚಿಗಿ, ಈಳಿಗಿ ಹಣಿಸಿಕೊಡುವುದು. ಈಗ ಆಯ ಇಲ್ಲ, ಕೆಲಸಕ್ಕೆ ತಕ್ಕ ರೊಕ್ಕ. ಕಾಕಾನ ಕುಲುಮೆಯಲ್ಲಿ ಚರ್ಮದ ತಿದಿಯ ಬದಲು ಕರೆಂಟಿನ ಗಾಳಿಯಂತ್ರ ಬಂದಿದೆ. ಅಡಿಗಲ್ಲು, ಇಕ್ಕಳ ಮಾತ್ರ ಹಳೆಯವು. ಮೂಲೆಯಲ್ಲಿ ಹಳೆಯ ಲಾರಿಗಳ ಕಮಾನು ಪಟ್ಟಿಗಳ ರಾಶಿ. ಹೆದ್ದಾರಿ ಪಕ್ಕದ ಊರಲ್ಲಿ ಅವಕ್ಕೆ ಬರವಿಲ್ಲ. ಲಾರಿಯ ಭಾರಕ್ಕೆ ಬಾಗಿ ಮತ್ತೆ ನೆಟ್ಟಗಾಗುವ ಆ ಉಕ್ಕಿನಲ್ಲಿ ಇಂಗಾಲ ಶೇ. 0.6ರ ಆಸುಪಾಸು. ಕುಡಗೋಲಿಗೂ ಈಳಿಗಿಗೂ ಹೇಳಿ ಮಾಡಿಸಿದ್ದು.

ನಾನು ಯಾವ ಉಕ್ಕು, ಎಷ್ಟು ಗಡಸು ಎಂದು ಶುರು ಮಾಡಿದೆ. ಕಾಕಾ ಬೇರೆಯೇ ಕೇಳತೊಡಗಿದರು. "ಅವ್ವ ಏನೇನು ಹೆಚ್ಚತಾಳ? ಕಟ್ಟಿ ಆಕಿ ನಡದ ತನಕ ಬರ್ತೈತೋ ಎದಿ ತನಕೋ? ಹಿಡಿ ಹಿಡಿಯೂ ಕೈ ಯಾವುದು?" ಕೊನೆಗೆ, "ಹೆಚ್ಚೂದು ಆತು. ಅದನ್ನ ಹರಿತ ಮಾಡಾವ್ರು ಯಾರು? ಅದನ್ನ ಮೊದಲ ಹೇಳು ತಂಗಿ."

ಯಾವ ಜಾಹೀರಾತೂ ಕೇಳದ ಪ್ರಶ್ನೆ ಇದು. ಯಾವ ಚಾಕುವೂ ಹರಿತವಾಗಿಯೇ ಉಳಿಯುವುದಿಲ್ಲ. ಮೊಂಡ ಚಾಕುವೇ ಕೈ ಕೊಯ್ಯುವುದು. ಟೊಮೆಟೊದ ಸಿಪ್ಪೆಯೊಳಗೆ ಇಳಿಯದೆ ಜಾರುತ್ತದೆ, ನಾವು ಇನ್ನಷ್ಟು ಒತ್ತುತ್ತೇವೆ, ಅದು ಬೆರಳಿಗೆ ಬರುತ್ತದೆ. ಹಾಗಾಗಿ ಚಾಕು ಆರಿಸುವುದೆಂದರೆ ಅದನ್ನು ಮಸೆಯುವ ಕೈಯನ್ನೂ ಆರಿಸಿಕೊಳ್ಳುವುದು. ಕಾಕಾನ ಮಗ ಕಾರ್ಖಾನೆಯ ಪಾಳಿಗೆ ಹೋಗುತ್ತಾನೆ, ಕುಲುಮೆಗೆ ಬರುವುದಿಲ್ಲ. ಊರ ಸುತ್ತ ಟನ್ನುಗಟ್ಟಲೆ ಕಬ್ಬಿಣ ಕರಗುತ್ತಿದ್ದರೂ ಒಂದು ಅಲಗು ಮಸೆಯಲು ಇರುವವರು ಒಬ್ಬರೇ. ಅವರಿಗೆ ಎಪ್ಪತ್ತು ದಾಟಿದೆ.

ಕಾಕಾ ತಮ್ಮ ಮಾಲಿನ ಮಿತಿಯನ್ನೂ ಹೇಳಿದರು. "ಸಾಲ್ಯಾಗ ಹುಣಸಿಹಣ್ಣು, ಟೊಮೆಟೊ, ನೀರು. ನನ್ನ ಕಬ್ಬಿಣ ಕರ್ರಗಾಗಿ ತುಕ್ಕು ಹಿಡಿತೈತಿ. ಅಲ್ಲಿಗೆ ಪ್ಯಾಟ್ಯಾಗಿನ ಸ್ಟೀಲಿಂದು ತಗೋ. ಮನಿಗೆ ನಾ ಒಂದು ಮಾಡಿಕೊಡ್ತೀನಿ." ಹಾಗೇ ಆಯಿತು. ಶಾಲೆಗೆಂದು ಎಂಟಿಂಚಿನ, ತೀರ ಗಡಸಲ್ಲದ ಸ್ಟೇನ್‌ಲೆಸ್ ಚಾಕು ತಂದೆ. ಉಕ್ಕು ಹಿಡಿಯ ತುದಿಯವರೆಗೂ ಹೋಗಿದೆಯೇ, ಅಲಗಿನ ಬುಡದಲ್ಲಿ ಬೆರಳಿಟ್ಟು ತೂಗಿದರೆ ಎರಡೂ ಕಡೆ ಸಮವಾಗಿ ನಿಲ್ಲುತ್ತದೆಯೇ, ಹಿಡಿದಾಗ ಗೆಣ್ಣು ಹಲಗೆಗೆ ತಾಗದಷ್ಟು ಅಲಗು ಅಗಲವಿದೆಯೇ ಎಂದಷ್ಟೇ ನೋಡಿದೆ. ಜೊತೆಗೆ ಒಂದು ಮರದ ಹಲಗೆ. ಗ್ರಾನೈಟ್ ಕಟ್ಟೆಯ ಮೇಲೆ ನೇರವಾಗಿ ಹೆಚ್ಚಿದರೆ ಎಂಥ ಚಾಕುವೂ ವಾರದೊಳಗೆ ಮೊಂಡು. ಮನೆಗೆ ಕಾಕಾ ಬಡಿದುಕೊಟ್ಟ ಕಪ್ಪನೆಯ ಚಾಕು. ತೊಳೆದ ಕೂಡಲೇ ಒರೆಸಿ, ಒಂದು ಹನಿ ಕೊಬ್ಬರಿ ಎಣ್ಣೆ ಸವರಬೇಕು.

ಮಸೆಯುವ ಕೈ ಯಾರದು ಎಂಬುದು ಹಾಗೇ ಉಳಿದಿತ್ತು. ನಮ್ಮ ಮನೆಗಳಲ್ಲಿ ದಿನವೂ ಅಲಗು ಬಳಸುವವರು ಹೆಂಗಸರು, ಅದನ್ನು ಮಸೆಯುವುದು ಮಾತ್ರ ಗಂಡಸರ ಕೆಲಸ. ಈಳಿಗಿ ಮೊಂಡಾದರೆ ಯಾರಾದರೂ ಕುಲುಮೆಗೆ ಒಯ್ಯುವ ತನಕ ಕಾಯುವುದು, ಅಷ್ಟು ದಿನ ಕೈ ನೋಯಿಸಿಕೊಳ್ಳುವುದು. ನಾನು ಎರಡು ಬದಿಯ ಒಂದು ಮಸೆಗಲ್ಲು ತಂದು, ಕಾಕಾನಿಂದ ಕಲಿತದ್ದನ್ನು ಅವ್ವನಿಗೆ ತೋರಿಸಿದೆ. ಕಲ್ಲನ್ನು ನೀರಲ್ಲಿ ನೆನೆಸು. ಚಾಕುವಿನ ಬೆನ್ನನ್ನು ಒಂದು ಬೆರಳ ದಪ್ಪದಷ್ಟು ಮೇಲೆತ್ತಿ ಹಿಡಿ. ಒಂದೇ ಓರೆಯಲ್ಲಿ ಎಳೆ. ಅಂಚಿನ ಆಚೆ ಬದಿಗೆ ಬೆರಳಿಗೆ ಸಿಗುವಷ್ಟು ಸಣ್ಣ ತರಿ ಎದ್ದರೆ ಮಗ್ಗುಲು ಬದಲಿಸು.

ಮೊದಮೊದಲು ಅವ್ವ ಅಂಜಿದಳು. "ಇದು ಹೆಣ್ಣಮಕ್ಕಳ ಕೆಲಸೇನು?" ಎಂದಳು. ಎರಡನೇ ವಾರ ಅವಳ ಎಳೆತದ ಸದ್ದು ನನ್ನದಕ್ಕಿಂತ ಸಮವಾಗಿತ್ತು. ರೊಟ್ಟಿ ಬಡಿಯುವ ಕೈ ಅದು, ಒಂದೇ ಒತ್ತಡ ಅದಕ್ಕೆ ಹೊಸದಲ್ಲ. ನಿಂತು ಹೆಚ್ಚಲು ಮಾತ್ರ ತಿಂಗಳೇ ಬೇಕಾಯಿತು. ಮೂವತ್ತು ವರ್ಷ ಅಲಗಿನ ಕಡೆ ಕಾಯಿಪಲ್ಲೆ ಒಯ್ದ ಕೈಗೆ, ಕಾಯಿಪಲ್ಲೆಯ ಕಡೆ ಅಲಗು ಒಯ್ಯುವುದು ಉಲ್ಟಾ ಬರೆಯಲು ಕಲಿತಂತೆ. ಈಗಲೂ ಸೊಪ್ಪನ್ನು ಈಳಿಗಿಯಷ್ಟು ಸಣ್ಣಗೆ ಚಾಕುವಿನಲ್ಲಿ ಹೆಚ್ಚಲು ಬರುವುದಿಲ್ಲ ಎಂದು ಬೈಯುತ್ತಾಳೆ. ಬೈಯುವುದಂತೂ ನಿಂತುಕೊಂಡೇ.

ಶನಿವಾರ ಶಾಲೆ ಬೇಗ ಬಿಡುತ್ತದೆ. ಪಾತ್ರೆ ತೊಳೆದಾದ ಮೇಲೆ ಉಳಿದಿಬ್ಬರೂ ತಮ್ಮ ಮನೆಯ ಚಾಕು ತಂದಿರುತ್ತಾರಂತೆ, ಒಮ್ಮೊಮ್ಮೆ ಓಣಿಯವರದೂ ಇರುತ್ತದೆ. ಅವ್ವ ಮಸೆದು, ಟೊಮೆಟೊದ ಮೇಲೆ ಒತ್ತದೆ ಎಳೆದು ನೋಡಿ ಕೊಡುತ್ತಾಳೆ. ರೊಕ್ಕ ಕೇಳುವುದಿಲ್ಲ, ಒಬ್ಬಾಕೆ ಜೋಳ ತಂದುಕೊಟ್ಟಾಗ ಬೇಡವೆನ್ನಲೂ ಇಲ್ಲ. ಮೊನ್ನೆ ಫೋನಿನಲ್ಲಿ, ಕಲ್ಲಿನ ನಡುವೆ ತಗ್ಗು ಬಿದ್ದೈತಿ, ಅಲಗು ಸಮ ಕೂಡವಲ್ದು ಎಂದಳು. ಮುಂದಿನ ಸಲ ಊರಿಗೆ ಹೋಗುವಾಗ ಇನ್ನೊಂದು ಕಲ್ಲು ಒಯ್ಯಬೇಕು.