ಮಗಳು ಹಿಂದಕ್ಕೇ ಮುಖ ಮಾಡಿರಲಿ

ಮಗಳಿಗೆ ವರ್ಷ ತುಂಬಿದ ಮಾರನೇ ದಿನವೇ ಅವ್ವ ಶುರು ಮಾಡಿದಳು. “ಇನ್ನಾದ್ರೂ ಆ ಸೀಟನ್ನ ಮುಂದಕ್ಕೆ ತಿರುಗ್ಸು ಮಗಾ. ಪಾಪ, ಕಾಲು ಮಡಚ್ಕೊಂಡು ಎಷ್ಟು ದಿನ ಅಂತ ಹಿಂದಕ್ಕೆ ನೋಡ್ತಾ ಕೂರುತ್ತೆ?”

ನನಗೂ ಆಸೆಯಿತ್ತು. ಬೇಗೂರು ರಸ್ತೆಯ ಟ್ರಾಫಿಕ್‌ನಲ್ಲಿ ಮಗು ಅತ್ತರೆ ಸದ್ದು ಕೇಳುತ್ತೆ, ಮುಖ ಕಾಣಲ್ಲ. ಆದ್ರೂ ತಿರುಗಿಸುವ ಮೊದಲು ಓದೋಣ ಅಂತ ಕೂತೆ. ಯುರೋಪಿನ ಐ-ಸೈಜ್ ಸೀಟುಗಳನ್ನು 15 ತಿಂಗಳಿಗೆ ಮುಂಚೆ ತಿರುಗಿಸುವಂತೆಯೇ ಇಲ್ಲ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2011ರಲ್ಲಿ ಎರಡು ವರ್ಷ ಅಂದಿತ್ತು. 2018ರಲ್ಲಿ ವಯಸ್ಸಿನ ಲೆಕ್ಕವನ್ನೇ ಬಿಟ್ಟು, ಸೀಟಿನ ತೂಕ ಅಥವಾ ಎತ್ತರದ ಮಿತಿ ಮುಟ್ಟುವ ತನಕ ಹಿಂದಕ್ಕೇ ಇರಲಿ ಅಂದಿತು. ಸ್ವೀಡನ್‌ನಲ್ಲಿ ನಾಲ್ಕು ವರ್ಷದ ಮಕ್ಕಳೂ ಹೀಗೇ ಕೂರ್ತಾರೆ. ನಮ್ಮಲ್ಲಿ 2019ರ ತಿದ್ದುಪಡಿಯ ಪ್ರಕಾರ, 14 ವರ್ಷದೊಳಗಿನವರಿಗೆ ಬೆಲ್ಟೋ ಚೈಲ್ಡ್ ಸೀಟೋ ಇಲ್ಲದಿದ್ರೆ 1000 ರೂಪಾಯಿ ದಂಡ. ಮುಖ ಯಾವ ಕಡೆ ಅನ್ನೋದು ಆ ಸೆಕ್ಷನ್‌ನಲ್ಲಿಲ್ಲ.

ಅವ್ವನಿಗೆ ಇದೆಲ್ಲ ರುಚಿಸಲಿಲ್ಲ. “ನಿನ್ನ ತೊಡೆ ಮೇಲೆ ಕೂರಿಸ್ಕೊಂಡೇ ಊರೂರು ಬಸ್ಸಲ್ಲಿ ತಿರುಗಿದೀನಿ” ಅಂದಳು. ನಿಜವೇ. ಬಸ್ಸು ಗುಂಡಿಗೆ ಇಳಿದಾಗೆಲ್ಲ ನನ್ನನ್ನು ಹಿಡಿದಿದ್ದು ಅವಳ ಕೈಯೇ. ಅದಕ್ಕೇನು ಉತ್ತರ ಕೊಡೋದು?

ಆಮೇಲೆ ನೆನಪಾಯ್ತು. ಬಾಣಂತನದಲ್ಲಿ ನಾನು ಮಗಳನ್ನು ಮೊದಲ ಸಲ ಎತ್ತಿಕೊಂಡಾಗ ಅವ್ವ ಕೂಗಿದ್ದಳು: “ಕತ್ತು ನಿಂತಿಲ್ಲ ಕಣೋ, ತಲೆ ಕೆಳಗೆ ಕೈ ಕೊಡು!”

“ಅವ್ವಾ, ಈಗ ಕತ್ತು ನಿಂತಿದೆ, ಮೂಳೆ ಇನ್ನೂ ಬಲಿತಿಲ್ಲ” ಅಂದೆ. “ಮೈಗೆ ಹೋಲಿಸಿದ್ರೆ ತಲೆ ಭಾರ. ಮುಂದಕ್ಕೆ ಕೂರಿಸಿದಾಗ ಗಾಡಿ ಎದುರಿಗೆ ಗುದ್ದಿದ್ರೆ, ಬೆಲ್ಟು ಮೈ ಹಿಡಿಯುತ್ತೆ, ತಲೆ ಮುಂದಕ್ಕೆ ಹಾರುತ್ತೆ. ಹಿಂದಕ್ಕೆ ಕೂರಿಸಿದ್ರೆ ತಲೆ, ಕತ್ತು, ಬೆನ್ನು ಮೂರಕ್ಕೂ ಸೀಟೇ ಕೈ ಕೊಡುತ್ತೆ.”

ಅವ್ವ ಸೀಟಿನ ಬೆನ್ನನ್ನು ಒಮ್ಮೆ ಸವರಿ ನೋಡಿದಳು. “ಕಾಲು?” ಅಂದಳು. ಮಗಳು ಕಾಲು ಮಡಚಿಕೊಂಡು ಹೆಬ್ಬೆರಳು ಚೀಪ್ತಾ ಆರಾಮಾಗಿದ್ದಳು.

ನಮ್ಮ ಸೀಟಿನ ಮಿತಿ 18 ಕೆ.ಜಿ., ಮಗಳು ಒಂಬತ್ತು. ಇನ್ನೂ ಸುಮಾರು ದಿನ ಇದೆ. ಸೀಟು ಇರೋದು ಹಿಂದಿನ ಸಾಲಿನಲ್ಲೇ. ಏರ್‌ಬ್ಯಾಗ್ ಇರೋ ಮುಂದಿನ ಸೀಟಿಗೆ ಅದನ್ನ ಹಾಕೋ ಮಾತೇ ಇಲ್ಲ.

ಕಳೆದ ಶನಿವಾರ ಊರಿಗೆ ಹೋದ್ವಿ. ದಾರಿಯುದ್ದಕ್ಕೂ ಅವ್ವ ಮೊಮ್ಮಗಳ ಪಕ್ಕದಲ್ಲೇ ಕೂತು ಮಾತಾಡಿಸ್ತಿದ್ದಳು. ಮನೆ ಮುಂದೆ ಗಾಡಿ ನಿಲ್ಲಿಸ್ತಿದ್ದಂಗೇ ಚಿಕ್ಕಪ್ಪ ಬಗ್ಗಿ ನೋಡಿ, “ಇದೇನೋ, ಮಗೂನ ಉಲ್ಟಾ ಕೂರ್ಸಿದೀಯ?” ಅಂದರು. ನಾನು ಬಾಯಿ ತೆರೆಯೋ ಮೊದಲೇ ಅವ್ವ ಅಂದಳು: “ಕತ್ತು ಬಲೀಲಿ, ಸುಮ್ನಿರಿ.”